ನಿಶಾನೆ ಗುಡ್ಡೆಯ ಹಿರಿಯ

ಹಮ್ಮ ನಾಯ್ಕನ ಗ್ರಹಚಾರ ಕೆಟ್ಟದ್ದು ಒಂದು ಸ್ಟೂಲಿನ ದೆಸೆಯಿಂದ.

ಹೊನ್ನಾವರದ ಹತ್ತಿರದ ಕಾಸರಕೋಡದಿಂದ ತುಸು ಆಚೆ, ಸಮುದ್ರದೊಳಕ್ಕೆ ಮೂಗು ಚಾಚಿ ನಿಂತ ಗುಡ್ಡೆಯೊಂದರ ಬುಡದಲ್ಲಿ ಸಣ್ಣದೊಂದು ಬಂದರು ಕಚೇರಿ ಇತ್ತು. ಅದರ ಬಾಗಿಲ ಪಕ್ಕದಲ್ಲಿ ಹಲಸಿನ ಮರದ ಒಂದು ಸ್ಟೂಲು. ಹಿರಿಯ ಖಲಾಸಿ ಶುಕ್ರ ಅಂಬಿಗ ಅದರ ಮೇಲೆ ಕೂತು ಎಲೆ-ಅಡಿಕೆ ಜಗಿಯುತ್ತ ಸಮುದ್ರವನ್ನು ನೋಡುತ್ತಿದ್ದ. ಎಲ್ಲರೂ ಅವನನ್ನು ಶುಕ್ರಜ್ಜ ಎನ್ನುತ್ತಿದ್ದರು. ಆ ವರ್ಷ ಚೌತಿ ಕಳೆದ ಮೇಲೆ ಶುಕ್ರಜ್ಜ ಜ್ವರ ಬಂದು ತೀರಿಕೊಂಡ. ಸ್ಟೂಲು ಖಾಲಿಯಾಯಿತು. ಉಳಿದಿದ್ದ ಇಬ್ಬರು ಖಲಾಸಿಗಳಲ್ಲಿ ಅದರ ಮೇಲೆ ಕೂರಬೇಕಾದವನು ಯಾರು ಎಂಬ ಪ್ರಶ್ನೆ ಎದ್ದಿತು.

ಒಬ್ಬ ನಮ್ಮ ಹಮ್ಮ ನಾಯ್ಕ, ಇಡಗುಂಜಿ ಕಡೆಯವನು, ಮುಂಬಯಿ ಸರಕಾರದ ಕಾಲದಲ್ಲಿ ಕೆಲಸಕ್ಕೆ ಸೇರಿದವನು. ಇನ್ನೊಬ್ಬ ಗಂಗೊಳ್ಳಿಯ ಅಣ್ಣಪ್ಪ ಖಾರ್ವಿ, ಮದ್ರಾಸು ಸರಕಾರದ ಕಾಲದವನು, ಆಮೇಲೆ ಇಲ್ಲಿಗೆ ವರ್ಗವಾಗಿ ಬಂದವನು. ಕೆಲವು ವರ್ಷಗಳ ಹಿಂದೆ ಕನ್ನಡ ನಾಡು ಒಂದಾದಾಗ ಜನ ಪಟಾಕಿ ಹೊಡೆದು ಸಂಭ್ರಮಪಟ್ಟಿದ್ದರು. ಖಲಾಸಿಗಳನ್ನು ಒಂದು ಮಾಡುವ ಕೆಲಸ ಮಾತ್ರ ಹಾಗೆಯೇ ಉಳಿದುಬಿಟ್ಟಿತ್ತು. ಹಮ್ಮ ಮೊದಲು ಸೇರಿದವನು ಹೌದು, ಆದರೆ ದಿನಗೂಲಿಯ ಮೇಲೆ. ಅಣ್ಣಪ್ಪ ಆಮೇಲೆ ಸೇರಿದವನು, ಆದರೆ ಮೊದಲ ದಿನದಿಂದಲೇ ಖಾಯಂ. ಇಬ್ಬರಲ್ಲಿ ಹಿರಿಯ ಯಾರು ಎಂದು ಕಚೇರಿಯ ಗುಮಾಸ್ತ ವೆಂಕಟ್ರಮಣ ಶಾನಭಾಗರು ಬೆಂಗಳೂರಿಗೆ ಬರೆದು ಕೇಳಿದರು. 'ಜ್ಯೇಷ್ಠತಾ ಪಟ್ಟಿ ತಯಾರಾಗುತ್ತಿದೆ. ಅಲ್ಲಿಯವರೆಗೆ ಜ್ಯೇಷ್ಠತೆಗೆ ಅನುಸಾರವಾಗಿ ಕೆಲಸ ಹಂಚತಕ್ಕದ್ದು' ಎಂದು ಉತ್ತರ ಬಂತು. ಶಾನಭಾಗರು ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ಓದಿ, ಸ್ಟೂಲನ್ನು ಒಳಗೆ ಎಳೆದು ಅದರ ಮೇಲೆ ನೀರಿನ ಕೊಡ ಇಟ್ಟರು. ಅಂದಿನಿಂದ ಕಚೇರಿಯಲ್ಲಿ ಆ ಕೊಡವೇ ಎಲ್ಲರಿಗಿಂತ ಹಿರಿಯದಾಯಿತು.

ಜಗಳವೇನೂ ನಿಲ್ಲಲಿಲ್ಲ. ಹಮ್ಮನಿಗೆ ಎದುರಾಳಿಯ ಹೆಸರು ಹಿಡಿದು ಕರೆಯುವುದೂ ಕಷ್ಟವಾಗಿತ್ತು. ಅಣ್ಣಪ್ಪ ಎಂದರೆ ಬಾಯಿಬಿಟ್ಟು ಅಣ್ಣ ಎಂದಂತೆಯೇ ಆಗುತ್ತದೆ. ಅದಕ್ಕೇ ಅವನು 'ಖಾರ್ವಿ' ಎಂದಷ್ಟೇ ಕರೆಯುತ್ತಿದ್ದ. ಅಣ್ಣಪ್ಪ ಇನ್ನೂ ಹುಷಾರು. ಹಮ್ಮನನ್ನು ಅವನು ಕರೆಯುತ್ತಲೇ ಇರಲಿಲ್ಲ, ಎದುರು ಬಂದು ನಿಂತು ಕೆಮ್ಮುತ್ತಿದ್ದ.

ಇಷ್ಟೆಲ್ಲದರ ಒಳಗುಟ್ಟು ಸ್ಟೂಲಲ್ಲ, ಗುಡ್ಡೆ. ಗುಡ್ಡೆಯ ನೆತ್ತಿಯ ಮೇಲೆ ನಿಶಾನೆ ಕಂಬ. ಬಿರುಗಾಳಿ ಬರುತ್ತದೆ ಎಂದು ತಂತಿ ಬಂದರೆ ಡಾಂಬರು ಬಳಿದ ದೊಡ್ಡ ಬೆತ್ತದ ಬುಟ್ಟಿಯೊಂದನ್ನು ಹಗ್ಗ ಕಟ್ಟಿ ಆ ಕಂಬದ ತುದಿಗೆ ಏರಿಸಬೇಕು, ಕತ್ತಲಾದರೆ ಬುಟ್ಟಿ ಇಳಿಸಿ ಕೆಂಪು ದೀಪ ಏರಿಸಬೇಕು. ಕರಿ ಬುಟ್ಟಿ ಕಂಡರೆ ಸಮುದ್ರಕ್ಕೆ ಹೋದ ದೋಣಿಗಳು ತಿರುಗಿ ಬರುತ್ತವೆ. ಕಂಬವನ್ನು ನಿಲ್ಲಿಸಿದ ಎಂಜಿನಿಯರನ ಜಾಣತನವೋ ಏನೋ, ಅದು ಸಮುದ್ರಕ್ಕೆ ಹರದಾರಿಗಟ್ಟಲೆ ದೂರದಿಂದ ಕಾಣುತ್ತಿತ್ತು, ಬುಡದಲ್ಲಿದ್ದ ಕಚೇರಿಗೂ ಕೇರಿಗೂ ಗೇರುಮರಗಳ ಮರೆಯಲ್ಲಿ ಕಾಣುತ್ತಲೇ ಇರಲಿಲ್ಲ. ಶುಕ್ರಜ್ಜ ಇದ್ದಷ್ಟು ಕಾಲ ಆ ಹಗ್ಗವನ್ನು ಇನ್ನೊಬ್ಬರು ಮುಟ್ಟಲು ಬಿಟ್ಟವನಲ್ಲ. ಜ್ವರವಿದ್ದರೂ ತಾನೇ ಹತ್ತುತ್ತಿದ್ದ. ಅವನು ಸತ್ತ ಮೇಲೆ ಮಾತ್ರ, ಗುಡ್ಡೆ ಹತ್ತುವುದು ಕಿರಿಯವನ ಕೆಲಸ ಎಂದು ಇಬ್ಬರಿಗೂ ಹೊಳೆದುಬಿಟ್ಟಿತು. ಯಾರು ಮೊದಲು ಹತ್ತುತ್ತಾನೋ ಅವನು ತಾನು ಕಿರಿಯ ಎಂದು ಒಪ್ಪಿಕೊಂಡ ಹಾಗೆ.

ಹೀಗಿರುವಾಗ ದೀಪಾವಳಿ ಮುಗಿದ ಹೊಸತರಲ್ಲಿ ಆ ದಿನ ಬಂತು.

ಬೆಳಗಿನಿಂದಲೇ ಗಾಳಿ ಸತ್ತುಹೋಗಿತ್ತು. ಸಮುದ್ರ ಎಣ್ಣೆ ಸುರಿದ ಹಾಗೆ ಅಲುಗದೆ ಮಲಗಿತ್ತು. ಮೀನು ಒಣಗಿಸುವ ಚಪ್ಪರದ ಮೇಲೆ ದಿನಾ ಗಲಾಟೆ ಮಾಡುವ ಕಾಗೆಗಳಲ್ಲಿ ಒಂದೂ ಇರಲಿಲ್ಲ. ಹಮ್ಮ ಕಚೇರಿಗೆ ಬರುವಾಗ ಕೇರಿಯ ನಾಯಿಗಳೆಲ್ಲ ಸಾಲಾಗಿ ಗುಡ್ಡೆಯ ಕಡೆ ಮುಖ ಮಾಡಿ ಕೂತಿದ್ದವು. ಬೊಗಳುತ್ತಿರಲಿಲ್ಲ. ಯಾರೋ ಪರಿಚಯದವರು ಮೇಲಿನಿಂದ ಇಳಿದು ಬರಲಿ ಎಂದು ಕಾಯುವವರ ಹಾಗಿದ್ದವು. ಹಮ್ಮ ಒಂದಕ್ಕೆ ಕಲ್ಲು ಬೀಸಿದ. ಅದು ತಿರುಗಿಯೂ ನೋಡಲಿಲ್ಲ.

ಕಚೇರಿ ತೆರೆದು ಸಾಕಷ್ಟು ಹೊತ್ತಾದ ಮೇಲೆ ಹೊನ್ನಾವರದಿಂದ ತಾರಿ ದೋಣಿಯಲ್ಲಿ ಹೊಳೆ ದಾಟಿಕೊಂಡು ತಂತಿಯವನು ಬಂದ. ಶಾನಭಾಗರು ಒಡೆದು ಓದಿದರು. ಬಿರುಗಾಳಿ ಸಂಜೆಯೊಳಗೆ ಕರಾವಳಿ ಮುಟ್ಟುತ್ತದೆ, ಕೂಡಲೇ ನಿಶಾನೆ ಏರಿಸಬೇಕು ಎಂದಿತ್ತು. ಅವರು ಇಬ್ಬರನ್ನೂ ಕರೆದು ಒಬ್ಬರು ಓಡಿ ಎಂದರು. ಇಬ್ಬರೂ ನಿಂತಲ್ಲೇ ನಿಂತರು.

"ಹತ್ತು ಖಾರ್ವಿ," ಎಂದ ಹಮ್ಮ.

ಅಣ್ಣಪ್ಪ ಕೆಮ್ಮಿದ. "ನಾನ್ ಹತ್ತುದಿಲ್ಲ ಮಾರಾಯ್ರೆ. ಮದ್ರಾಸ್ ಸರ್ಕಾರ ನಂಗೆ ಖಾಯಂ ಆರ್ಡರ್ ಕೊಡುವತಿಗೆ ಇವ್ರು ಕೂಲಿ ಮೇಲಿದ್ರು. ನೀವೇ ಕಾಣಿ."

ಹಮ್ಮ ಮುಂಬಯಿ ಸರಕಾರದ ಮಾನವನ್ನು ಎತ್ತಿಹಿಡಿದ. ಅಣ್ಣಪ್ಪ ಮದ್ರಾಸು ಸರಕಾರದ ಪರವಾಗಿ ಉತ್ತರ ಕೊಟ್ಟ. ಇಲ್ಲದೆಹೋದ ಎರಡು ಸರಕಾರಗಳು ಆ ಪುಟ್ಟ ಕೋಣೆಯಲ್ಲಿ ಬಹಳ ಹೊತ್ತು ಬಡಿದಾಡಿದವು. ಕೊನೆಗೆ ಶಾನಭಾಗರು ಮೇಜು ಗುದ್ದಿ, ಯಾರಾದರೂ ಸರಿ, ಬುಟ್ಟಿ ಏರಲೇಬೇಕು, ಏರದಿದ್ದರೆ ಇಬ್ಬರ ಮೇಲೂ ವರದಿ ಬರೆಯುತ್ತೇನೆ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಅಣ್ಣಪ್ಪ ಎಡಕ್ಕೆ ಹೋದ. ಹಮ್ಮ ಬಲಕ್ಕೆ ಹೋಗಿ ಚಾದಂಗಡಿಯಲ್ಲಿ ಕೂತ. ವರದಿಗೆ ಹೆದರಿ ಇನ್ನೊಬ್ಬನೇ ಹತ್ತುತ್ತಾನೆ ಎಂದು ಇಬ್ಬರಿಗೂ ಧೈರ್ಯ.

ಅಂಗಡಿಯ ಮುಂದೆ ಮೀನಿನ ಗಂಗಾ ಬರಿ ಬುಟ್ಟಿ ಹಿಡಿದು ನಿಂತಿದ್ದಳು. ಅವಳ ಗಂಡ ತಿಮ್ಮನೂ ಕೇರಿಯ ಉಳಿದ ಗಂಡಸರೂ ಹಿಂದಿನ ಸಂಜೆಯೇ ದೋಣಿ ಬಿಟ್ಟಿದ್ದರು. ತಂತಿ ಬಂದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ಹಮ್ಮಣ್ಣಾ, ಬುಟ್ಟಿ ಏರ್ಸಿ ಆತಾ?" ಎಂದು ಕೇಳಿದಳು.

ಹಮ್ಮ ಚಾದ ಲೋಟವನ್ನೇ ನೋಡುತ್ತ, ಆಗ್ತದೆ, ಅದಕ್ಕೆ ಜನ ಇದ್ದಾರೆ ಎಂದ.

"ಶುಕ್ರಜ್ಜ ಇದ್ದಿದ್ರೆ ನಾ ಕೇಳ್ತೇ ಇರ್ಲಿಲ್ಲ," ಎಂದಳು ಗಂಗಾ. ಬೈಯುವ ಧ್ವನಿಯಲ್ಲಿ ಹೇಳಿದ್ದರೆ ಹಮ್ಮ ತಾನೂ ಬೈದು ಹಗುರಾಗುತ್ತಿದ್ದ. ಅವಳು ಮೆಲ್ಲಗೆ ಹೇಳಿ ಸಮುದ್ರದ ಕಡೆ ಹೋದಳು.

ಹಮ್ಮ ಎದ್ದ. ಬುಟ್ಟಿ ಏರಿಸಲೇಬೇಕು, ಆದರೆ ಏರಿಸಿದ್ದು ಯಾರಿಗೂ ತಿಳಿಯಬಾರದು ಎಂದು ನಿಶ್ಚಯಿಸಿದ. ಎದುರಿನ ದಾರಿ ಹಿಡಿದರೆ ಅಣ್ಣಪ್ಪನ ಕಣ್ಣಿಗೆ ಬೀಳುತ್ತಾನೆ. ಗುಡ್ಡೆಯ ಬೆನ್ನಿನ ದಾರಿ ಮಸಣದ ಪಕ್ಕದಿಂದ ಹಾಯುತ್ತದೆ. ಶುಕ್ರಜ್ಜನನ್ನು ಸುಟ್ಟದ್ದೂ ಅಲ್ಲಿಯೇ. ಹಗಲು ಹೊತ್ತು ತಾನೇ ಎಂದು ಹಮ್ಮ ಲುಂಗಿ ಎತ್ತಿ ಕಟ್ಟಿ ಹೊರಟ.

ಹಗಲು ಹೊತ್ತೇನೋ ಹೌದು. ಆದರೆ ಆ ಹಗಲಿನ ಬಣ್ಣ ಸರಿಯಿರಲಿಲ್ಲ. ಆಕಾಶ ಹಳೆಯ ತಾಮ್ರದ ಚೆಂಬಿನ ತಳದಂತೆ ಹಸಿರುಗಟ್ಟಿತ್ತು. ಕೇದಿಗೆಯ ಮೆಳೆಯಲ್ಲಿ ಒಂದು ಎಲೆಯೂ ಮಿಸುಕುತ್ತಿರಲಿಲ್ಲ. ತನ್ನ ಉಸಿರಿನ ಸದ್ದು ಯಾರದೋ ಉಸಿರಿನಂತೆ ಹಿಂದಿನಿಂದ ಕೇಳಿಸಿತು. ಅವನು ನಿಂತರೆ ಅದೂ ನಿಲ್ಲುತ್ತಿತ್ತು, ಆದರೆ ಅವನಿಗಿಂತ ತುಸು ತಡವಾಗಿ. ಹಮ್ಮ ಇಡಗುಂಜಿಯ ಗಣಪತಿಗೆ ಒಂದು ತೆಂಗಿನಕಾಯಿ ಹೇಳಿಕೊಂಡ. ಇನ್ನಷ್ಟು ಮೇಲೆ ಹೋಗಿ ಅದನ್ನು ಐದು ಮಾಡಿದ.

ಗುಡ್ಡೆಯ ನೆತ್ತಿ ತಲುಪಿ ಹಮ್ಮ ತಲೆಯೆತ್ತಿದ.

ಬುಟ್ಟಿ ಆಗಲೇ ಮೇಲಿತ್ತು.

ಗಾಳಿಯಿಲ್ಲದ ಆ ಹೊತ್ತಿನಲ್ಲಿ ಅದು ಕಂಬದ ತುದಿಯಲ್ಲಿ ತೊಟ್ಟಿಲಿನ ಹಾಗೆ ನಿಧಾನವಾಗಿ ತೂಗುತ್ತಿತ್ತು. ಹಗ್ಗದ ತುದಿಯನ್ನು ಕಂಬದ ಬುಡದ ಗೂಟಕ್ಕೆ ಕಟ್ಟಿತ್ತು. ಹಮ್ಮ ಬಗ್ಗಿ ಗಂಟನ್ನು ನೋಡಿದ. ಶುಕ್ರಜ್ಜ ಎಡಗೈಯವನು. ಅವನ ಗಂಟು ಉಲ್ಟಾ ಬೀಳುತ್ತಿತ್ತು. ಅದನ್ನು ಕಲಿಯಲು ಹಮ್ಮನೂ ಅಣ್ಣಪ್ಪನೂ ಎಷ್ಟೋ ಸಲ ಹೆಣಗಿ ಬೆರಳು ಸಿಕ್ಕಿಸಿಕೊಂಡು ಕೈಬಿಟ್ಟಿದ್ದರು. ಈಗ ಎದುರಿಗಿದ್ದದ್ದು ಆ ಗಂಟೇ. ಪಕ್ಕದ ಕಲ್ಲಿನ ಮೇಲೆ ಎಲೆ-ಅಡಿಕೆ ಉಗಿದ ಕೆಂಪು ಇನ್ನೂ ಒಣಗಿರಲಿಲ್ಲ.

ದೂರದಲ್ಲಿ ಅಳಿವೆಯ ಬಾಯಿಗೆ ದೋಣಿಗಳು ಒಂದರ ಹಿಂದೆ ಒಂದು ಬರುತ್ತಿದ್ದುದು ಕಂಡಿತು. ಇಷ್ಟು ಬೇಗ ಹೇಗೆ ಬಂದವು ಎಂದು ಯೋಚಿಸುವ ಸ್ಥಿತಿಯಲ್ಲಿ ಹಮ್ಮ ಇರಲಿಲ್ಲ. ಅವನು ತಿರುಗಿ ಓಡಿದ. ಹತ್ತು ಮಾರು ಓಡಿದ್ದನೋ ಇಲ್ಲವೋ, ಮೆಳೆಯೊಳಗಿಂದ ಮೈತುಂಬ ಮುಳ್ಳು ಮೆತ್ತಿಕೊಂಡ ಆಕಾರವೊಂದು ಎದ್ದುಬಂದು ಅವನಿಗೆ ಡಿಕ್ಕಿ ಹೊಡೆಯಿತು. ಇಬ್ಬರೂ ಕೂಗಿಕೊಂಡು ಒಟ್ಟಿಗೆ ಬಿದ್ದರು. ಅದು ಅಣ್ಣಪ್ಪ. ಅವನೂ ಯಾರಿಗೂ ಕಾಣದ ಹಾಗೆ ಬುಟ್ಟಿ ಏರಿಸಲು ಇನ್ನೊಂದು ಬದಿಯ ಹಳ್ಳ ಹಿಡಿದು ಹತ್ತಿ ಬಂದಿದ್ದ.

ಮೇಲೆ ಹೋಗಿ ಬುಟ್ಟಿ ನೋಡಿದ ಮೇಲೆ ಅಣ್ಣಪ್ಪನಿಗೆ ಕೆಮ್ಮೂ ಬರಲಿಲ್ಲ.

"ನೀವಾ?" ಎಂದು ಕೇಳಿದ.

"ನಾನಲ್ಲ. ನೀನಾ?"

"ನಾನಲ್ಲ."

ಅವರಿಬ್ಬರೂ ಒಂದು ಮಾತಿನ ಮೇಲೆ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಮದುವೆಯ ಗಂಡು-ಹೆಣ್ಣಿನ ಹಾಗೆ ಕೈಕೈ ಹಿಡಿದುಕೊಂಡು ಗುಡ್ಡೆ ಇಳಿದರು. ಯಾರ ಹತ್ತಿರವೂ ಬಾಯಿ ಬಿಡಬಾರದು ಎಂದು ಬುಡದಲ್ಲಿ ನಿಂತು ಒಬ್ಬರ ತಲೆ ಒಬ್ಬರು ಮುಟ್ಟಿ ಆಣೆ ಮಾಡಿದರು.

ಮಧ್ಯಾಹ್ನದ ಊಟದ ಹೊತ್ತಿಗೆ ಕೊನೆಯ ದೋಣಿಯೂ ದಡ ಸೇರಿತು. ಅದರ ಹಿಂದೆಯೇ ಗಾಳಿ ಬಂತು. ತೆಂಗಿನ ಮರಗಳು ನೆಲ ಮುಟ್ಟುವಷ್ಟು ಬಾಗಿದವು, ಮೀನಿನ ಚಪ್ಪರಗಳು ಹಾರಿಹೋದವು, ಅಳಿವೆಯ ಬಾಯಲ್ಲಿ ಅಲೆಗಳು ಗೋಡೆಯಾಗಿ ಎದ್ದವು. ಕೇರಿಯವರೆಲ್ಲ ಕಲ್ಲಿನ ಕಟ್ಟಡವೆಂದು ಬಂದರು ಕಚೇರಿಗೆ ಓಡಿಬಂದು ಒದ್ದೆಮುದ್ದೆಯಾಗಿ ಜಗಲಿ ತುಂಬಿದರು. ಅದೇ ಹೊತ್ತಿಗೆ ಭಟ್ಕಳ ಕಡೆಯಿಂದ ಬರುತ್ತಿದ್ದ ಒಂದು ಜೀಪು ತಾರಿ ನಿಂತುಹೋದ ಕಾರಣ ಮುಂದೆ ಹೋಗಲಾರದೆ ಅಂಗಳಕ್ಕೆ ಬಂದು ನಿಂತಿತು. ಇಳಿದವರು ಕಾರವಾರದ ದೊಡ್ಡ ಸಾಹೇಬರೇ. ಶಾನಭಾಗರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿದರು.

ಸಾಹೇಬರು ತಲೆ ಒರೆಸಿಕೊಳ್ಳುತ್ತ ಮೊದಲು ಕೇಳಿದ್ದು ದೋಣಿಗಳ ಸುದ್ದಿ. ಎಲ್ಲ ಬಂದಿವೆ, ಒಂದು ಜೀವವೂ ಹೋಗಿಲ್ಲ ಎಂದು ಜನ ಹೇಳಿದರು. ಭಟ್ಕಳದಿಂದ ಈಚೆಗೆ ದಾರಿಯುದ್ದಕ್ಕೂ ಕೆಟ್ಟ ಸುದ್ದಿಗಳನ್ನೇ ಕೇಳಿಕೊಂಡು ಬಂದ ಅವರಿಗೆ ಕಣ್ಣು ತುಂಬಿದ ಹಾಗಾಯಿತು. ಬುಟ್ಟಿ ಏರಿಸಿದ ಖಲಾಸಿ ಯಾರು ಎಂದು ಕೇಳಿದರು. ಇದೇ ಸಮಯವೆಂದು ಶಾನಭಾಗರು ಹಿರಿತನದ ವ್ಯಾಜ್ಯವನ್ನು ಅವರ ಮುಂದೆ ಹರವಿದರು. ಸಾಹೇಬರು ಪಟ್ಟಿಗಿಟ್ಟಿ ಹಾಗಿರಲಿ ಎಂದು ಕೈ ಬೀಸಿ, ಇಂದು ಬುಟ್ಟಿ ಏರಿಸಿದವನೇ ಈ ಕಚೇರಿಯ ಹಿರಿಯ ಖಲಾಸಿ, ತಾನು ಈಗಲೇ ಬರೆದುಕೊಡುತ್ತೇನೆ ಎಂದರು.

ಹಮ್ಮ ಅಣ್ಣಪ್ಪನನ್ನು ನೋಡಿದ. ಅಣ್ಣಪ್ಪ ಹಮ್ಮನನ್ನು ನೋಡಿದ. ಅಣ್ಣಪ್ಪನ ಬಾಯಿ ಮೆಲ್ಲಗೆ ತೆರೆಯುತ್ತಿದ್ದುದು ಹಮ್ಮನಿಗೆ ಕಂಡಿತು. ಅಷ್ಟು ಸಾಕಾಯಿತು.

"ನಾನೇ ಸಾಹೇಬ್ರೆ," ಎಂದುಬಿಟ್ಟ.

ಒಮ್ಮೆ ಹೊರಟ ಮಾತು ತಾನಾಗಿ ಬೆಳೆಯಿತು. ಅಣ್ಣಪ್ಪ ಒಲ್ಲೆನೆಂದದ್ದು, ತಾನೊಬ್ಬನೇ ಮುಳ್ಳುದಾರಿ ಹಿಡಿದು ಹತ್ತಿದ್ದು, ಹಗ್ಗ ಎಳೆದು ಅಂಗೈ ಸುಲಿದದ್ದು ಎಲ್ಲವನ್ನೂ ಹೇಳಿದ. ಅಂಗೈ ಸುಲಿದಿತ್ತು ನಿಜ, ಬಿದ್ದಾಗ ತರಚಿದ್ದು. ಸಾಹೇಬರು ಅದನ್ನು ಹಿಡಿದು ನೋಡಿದರು. ಶಾನಭಾಗರು ಮಸಿಕುಡಿಕೆ ತಂದಿಟ್ಟರು. ಅಣ್ಣಪ್ಪನ ಮುಖ ನೀರಿಂದ ತೆಗೆದ ಮೀನಿನ ಹಾಗಾಯಿತು. ಆಣೆ ಮುರಿದದ್ದು ಹಮ್ಮನ ಎದೆಗೆ ಒಂದಿಷ್ಟು ಚುಚ್ಚಿತು. ಆದರೆ ಸತ್ತವನು ಸಾಕ್ಷಿ ಹೇಳಲು ಬರುವುದಿಲ್ಲವಷ್ಟೆ ಎಂದು ಸಮಾಧಾನ ಮಾಡಿಕೊಂಡ.

ಸಾಕ್ಷಿ ಹೇಳಿದವನು ತಿಮ್ಮ. ಗಂಗಾಳ ಪಕ್ಕದಲ್ಲಿ ಗೋಣಿ ಹೊದ್ದು ನಡುಗುತ್ತಿದ್ದವನು ಎದ್ದುಬಂದು ಹಮ್ಮನ ಕಾಲು ಮುಟ್ಟಿದ.

"ನಿಂಗೆ ಹೆಂಗೆ ಗೊತ್ತಾತು ಹಮ್ಮಣ್ಣಾ?" ಎಂದ. "ಬೆಳಕು ಹರಿವಾಗ ನಾವು ಬಲೆ ಎಳೀತಾ ಇದ್ವಿ. ತಿರುಗಿ ಕಂಡ್ರೆ ಬುಟ್ಟಿ ಮೇಲದೆ. ಆಕಾಶ ಚೊಕ್ಕ ಇತ್ತು, ಒಂದು ಮೋಡ ಇಲ್ಲ. ಎಂತಕ್ಕೆ ಏರ್ಸಿದ್ರೋ ಅಂತ ಬೈಕಂತಲೇ ತಿರುಗಿದ್ವಿ. ಆವಾಗ ಹೊರಟದ್ದಕ್ಕೆ ಮಧ್ಯಾಹ್ನಕ್ಕೆ ಮುಟ್ಟಿದ್ವಿ. ತಂತಿ ಬಂದ ಮೇಲೆ ಏರ್ಸಿದ್ರೆ ನಾವು ಯಾರೂ ಇರ್ತಿರ್ಲಿಲ್ಲ."

ಸಾಹೇಬರ ಲೇಖಣಿ ನಿಂತಿತು. ತಂತಿ ಬಂದದ್ದು ಯಾವಾಗ ಎಂದು ಶಾನಭಾಗರನ್ನು ಕೇಳಿದರು. ಕಚೇರಿ ತೆರೆದು ಬಹಳ ಹೊತ್ತಾದ ಮೇಲೆ ಎಂದು ಶಾನಭಾಗರು ಹೇಳಿದರು. ಹೇಳುತ್ತ ಹೇಳುತ್ತ ಅವರ ಧ್ವನಿ ಸಣ್ಣದಾಯಿತು.

ಸಾಹೇಬರು ಹಮ್ಮನ ಕಡೆ ತಿರುಗಿದರು. ಅವರ ಕಣ್ಣಲ್ಲಿದ್ದ ನೀರು ಆರಿಹೋಗಿತ್ತು. ಆಜ್ಞೆಯಿಲ್ಲದೆ ನಿಶಾನೆ ಏರಿಸುವುದು ಎಂತಹ ಅಪರಾಧ ಎಂದು ಗೊತ್ತೇ ಎಂದು ಕೇಳಿದರು. ಕಂಡಕಂಡವರು ಮನಸ್ಸಿಗೆ ಬಂದಾಗ ಬುಟ್ಟಿ ಏರಿಸುತ್ತ ಹೋದರೆ ನಾಳೆ ನಿಜವಾದ ಬುಟ್ಟಿಯನ್ನು ಯಾರು ನಂಬುತ್ತಾರೆ, ಇದಕ್ಕೆ ಕೆಲಸದಿಂದಲೇ ತೆಗೆದುಹಾಕಬಹುದು ಎಂದರು.

"ನಾನಲ್ಲ ಸಾಹೇಬ್ರೆ," ಎಂದ ಹಮ್ಮ.

"ಈಗ ತಾನೇ ನಾನೇ ಎಂದೆಯಲ್ಲ?"

"ಸುಳ್ಳು ಹೇಳ್ದೆ. ಏರ್ಸಿದ್ದು ಶುಕ್ರ ಅಂಬಿಗ."

"ಎಲ್ಲಿದ್ದಾನೆ ಅವನು? ಕರೆಯಿರಿ."

ಗಾಳಿ ಮಾಡಿನ ಹಂಚುಗಳನ್ನು ಸರಸರ ಎಣಿಸಿಕೊಂಡು ಹೋದಂತೆ ಸದ್ದಾಯಿತು. ಶಾನಭಾಗರು ಬಗ್ಗಿ ಸಾಹೇಬರ ಕಿವಿಯಲ್ಲಿ ಹೇಳಿದರು. ತಿಮ್ಮ ಹಿಂದಕ್ಕೆ ಸರಿದು ಗಂಗಾಳ ಕೈ ಹಿಡಿದುಕೊಂಡ. ಹೆಂಗಸರು ಸೆರಗು ತಲೆಯ ಮೇಲೆ ಎಳೆದುಕೊಂಡರು. ಹಮ್ಮ ಆಸೆಯಿಂದ ಅಣ್ಣಪ್ಪನ ಮುಖ ನೋಡಿದ. ತನ್ನನ್ನು ಬಿಟ್ಟರೆ ಗಂಟನ್ನು ಕಂಡವನು ಅವನೊಬ್ಬನೇ. ಅಣ್ಣಪ್ಪ ಗಂಭೀರವಾಗಿ ಕೆಮ್ಮಿ, ತಾನು ಬೆಳಿಗ್ಗೆಯಿಂದ ಗುಡ್ಡೆಯ ಕಡೆ ತಲೆಯನ್ನೇ ಹಾಕಿಲ್ಲ ಎಂದ.

ಸಾಹೇಬರು ಹೆಚ್ಚು ಮಾತಾಡಲಿಲ್ಲ. ದೋಣಿಗಳು ಉಳಿದವು ಎಂಬ ಒಂದು ಕಾರಣಕ್ಕೆ ಕೆಲಸದಿಂದ ತೆಗೆಯುವುದಿಲ್ಲ ಎಂದರು. ಆದರೆ ಆಜ್ಞೆ ಮೀರಿದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ, ಸತ್ತ ನೌಕರನೊಬ್ಬನ ಮೇಲೆ ತಪ್ಪು ಹೊರಿಸಿದ್ದಕ್ಕೆ ಬೆಂಗಳೂರಿನಿಂದ ಯಾವ ಪಟ್ಟಿ ಬಂದರೂ ಬಾರದಿದ್ದರೂ ಹಮ್ಮ ನಾಯ್ಕನೇ ಈ ಕಚೇರಿಯ ಕಿರಿಯ ಖಲಾಸಿ, ಅಣ್ಣಪ್ಪ ಖಾರ್ವಿ ಹಿರಿಯ, ಗುಡ್ಡೆಯ ಕೆಲಸವೆಲ್ಲ ಇನ್ನು ಮುಂದೆ ಹಮ್ಮನದೇ ಎಂದು ಬರೆದು ಸಹಿ ಹಾಕಿದರು. ಮಸಿ ಆರುವ ಮೊದಲೇ ಹಿರಿಯ ಖಲಾಸಿ ತನ್ನ ಮೊದಲ ಆಜ್ಞೆ ಕೊಟ್ಟ.

"ಕತ್ತಲಾಗ್ತಾ ಬಂತಲ್ದಾ. ದೀಪ ತಕಂಡ್ ಹೋಗಿ ಹಮ್ಮ."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಹಮ್ಮ ಕೆಂಪು ಗಾಜಿನ ದೀಪ ಹಿಡಿದು ಹೊರಟ. ಮಳೆ ನಿಂತು ಗಾಳಿ ಇಳಿಯುತ್ತಿತ್ತು. ಪಡುವಣದಲ್ಲಿ ಮೋಡದ ಸಂದಿಯಿಂದ ಒಂದಿಷ್ಟು ಹಳದಿ ಬೆಳಕು ಸೋರುತ್ತಿತ್ತು. ಈ ಸಲ ಅವನು ಎದುರಿನ ದಾರಿಯನ್ನೇ ಹಿಡಿದ, ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಆ ಗಂಟನ್ನು ಬಿಚ್ಚುವುದು ಹೇಗೆ ಎಂಬುದೊಂದೇ ಚಿಂತೆ. ಅರ್ಧ ಗುಡ್ಡೆ ಹತ್ತಿದಾಗ ಮೇಲಿನಿಂದ ಕಂಬದ ತುದಿಯ ರಾಟೆಯ ಕಿರುಗುಟ್ಟುವಿಕೆ ಕೇಳಿಸಿತು. ಗಾಳಿಗೆ ಇರಬೇಕು ಎಂದುಕೊಂಡ. ಗಾಳಿಗೆ ಆಗುವ ಸದ್ದು ಒಂದೇ ಅಳತೆಯಲ್ಲಿರುವುದಿಲ್ಲ. ಇದು ಯಾರೋ ಒಂದೊಂದೇ ಮೊಳ ಹಗ್ಗ ಬಿಡುತ್ತಿರುವ ಹಾಗೆ ಕೇಳುತ್ತಿತ್ತು. ಹಿಂದಿರುಗೋಣವೆಂದರೆ ಕೆಳಗೆ ಸಾಹೇಬರಿದ್ದರು.

ನೆತ್ತಿಯಲ್ಲಿ ಯಾರೂ ಇರಲಿಲ್ಲ. ಬುಟ್ಟಿ ಕಂಬದ ಬುಡದಲ್ಲಿ ನೀಟಾಗಿ ಕೂತಿತ್ತು. ಗಂಟು ಬಿಚ್ಚಿತ್ತು. ಹಗ್ಗದ ಕೊಕ್ಕೆ ಹಮ್ಮನ ಎದೆಯ ಮಟ್ಟಕ್ಕೆ ಇಳಿದು ದೀಪಕ್ಕಾಗಿ ಕಾದು ನಿಂತಿತ್ತು.

ಹಮ್ಮ ಬಹಳ ಹೊತ್ತು ನಿಂತ. ಆಮೇಲೆ ದೀಪವನ್ನು ಕೊಕ್ಕೆಗೆ ಸಿಕ್ಕಿಸಿ, ತಲೆಯ ಮುಂಡಾಸು ತೆಗೆದು ಕಂಕುಳಲ್ಲಿಟ್ಟುಕೊಂಡು, ಇನ್ನು ತಾನೇ ಎಳೆಯಬೇಕಲ್ಲ ಎಂದು ಹಗ್ಗಕ್ಕೆ ಕೈ ಚಾಚಿದ. ಅವನ ಬೆರಳು ತಾಗುವ ಮೊದಲೇ ಹಗ್ಗ ಬಿಗಿಯಾಯಿತು.

ಅವನು ಕೆಳಗೆ ಬಂದಾಗ ಕೇರಿಯವರೆಲ್ಲ ಮನೆಗೆ ಹೋಗಿದ್ದರು. ಸಾಹೇಬರು ಒಳಗೆ ಚಾ ಕುಡಿಯುತ್ತಿದ್ದರು. ಜಗಲಿಯಲ್ಲಿ ಅಣ್ಣಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಹಮ್ಮನ ಮುಖ ನೋಡಿದವನೇ ನೆಟ್ಟಗಾದ.

"ದೀಪ ಏರ್ಸಿದ್ರಾ?" ಎಂದು ಕೇಳಿದ.

ಹಮ್ಮ ಮೆಟ್ಟಿಲ ಮೇಲೆ ಕೂತು, ಸುಲಿದ ಅಂಗೈಯನ್ನು ಊದಿಕೊಂಡು, ಮಾತನ್ನು ತೂಗಿ ಹೇಳಿದ.

"ಏರ್ತು."